ಪಕಾಸಿ

ಇಳಿಜಾರು ಮಾಡಿನ ನೆತ್ತಿಯಿಂದ ಸೂರಿನವರೆಗೆ ಓರೆಯಾಗಿ ಇಳಿದು, ಹೆಂಚು ಮತ್ತು ರೀಪುಗಳ ಭಾರವನ್ನು ಗೋಡೆಗೋ ಕಂಬಕ್ಕೋ ದಾಟಿಸುವ ಮರಕ್ಕೆ ಪಕಾಸಿ ಎಂದು ಹೆಸರು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಬಡಗಿಗಳೂ ಮನೆ ಕಟ್ಟಿಸುವವರೂ ಬಳಸುವ ಮಾತಿದು. ಘಟ್ಟ ಇಳಿದರೆ ಕರಾವಳಿಯ ಕನ್ನಡದಲ್ಲಿ ಇದೇ ಮಾತು ಪಕ್ಕಾಸು ಎಂದಾಗುತ್ತದೆ. ತುಳುವಿನಲ್ಲೂ ಹೆಚ್ಚುಕಡಿಮೆ ಅದೇ ರೂಪ. ಎಂಜಿನಿಯರರ ಅಂದಾಜುಪಟ್ಟಿಯಲ್ಲಿ ಅದು ರಾಫ್ಟರ್. ಮಲಯಾಳದ ಬಡಗಿಗಳು ಕಳುಕ್ಕೋಲ್ ಎನ್ನುತ್ತಾರೆ. ಮಯಮತ, ಮಾನಸಾರದಂಥ ಸಂಸ್ಕೃತ ವಾಸ್ತುಗ್ರಂಥಗಳು ಇಳಿಮಾಡಿನ ಓರೆಮರವನ್ನು ಲುಪಾ ಎಂದು ಕರೆದು ಅದರ ಅಳತೆ, ಓರೆಗಳನ್ನು ವಿವರಿಸುತ್ತವೆ.

ಮಾಡಿನ ಮರಗಳೆಲ್ಲ ಒಂದರ ಮೇಲೊಂದು ಕೂತಿರುವುದರಿಂದ ಪಕಾಸಿಯನ್ನು ಅದರ ನೆರೆಯ ಮರಗಳ ಜೊತೆಗೇ ಗುರುತಿಸಬೇಕು. ಗೋಡೆಯಿಂದ ಗೋಡೆಗೆ ಅಥವಾ ಕಂಬದಿಂದ ಕಂಬಕ್ಕೆ ಮಲಗುವ ದಪ್ಪ ಮರ ತೊಲೆ. ಎರಡು ತೊಲೆಗಳ ನಡುವಣ ಜಾಗ ಒಂದು ಅಂಕಣ. ಹಳೆಯ ಮನೆಗಳ ಗಾತ್ರವನ್ನು ಹೇಳುವುದೇ ಅಂಕಣಗಳ ಲೆಕ್ಕದಲ್ಲಿ. ತೊಲೆಯಿಂದ ತೊಲೆಗೆ ಅಡ್ಡಲಾಗಿ, ಸಮತಟ್ಟಾಗಿ ಹಾಸುವ ಸಣ್ಣ ಮರಗಳು ಜಂತೆ. ಅವುಗಳ ಮೇಲೆ ಹಲಗೆ ಹೊಡೆದರೆ ಮುಚ್ಚಿಗೆ, ಮುಚ್ಚಿಗೆಯ ಮೇಲಣ ಜಾಗ ಅಟ್ಟ. ಪಕಾಸಿ ಇವೆಲ್ಲಕ್ಕಿಂತ ಮೇಲಿನದು, ಇವುಗಳಲ್ಲಿ ಓರೆಯಾಗಿರುವುದೂ ಅದೊಂದೇ. ಪಕಾಸಿಗಳ ಮೇಲೆ ಅಡ್ಡಡ್ಡ ಹೊಡೆಯುವ ತೆಳು ಪಟ್ಟಿಗಳು ರೀಪು. ಆ ರೀಪುಗಳ ಮೇಲೆ ಹೆಂಚು. ರೀಪು ಎಂಬ ಮಾತಿಗೆ ಸ್ವಲ್ಪ ಚರಿತ್ರೆಯಿದೆ. ಭಾರತದಲ್ಲಿದ್ದ ಆಂಗ್ಲರು ಬಳಸುತ್ತಿದ್ದ ದೇಶಿ ಮಾತುಗಳ ಕೋಶ ‘ಹಾಬ್ಸನ್-ಜಾಬ್ಸನ್’ (1886) ಹೆಂಚು ಹೊರುವ ಪಟ್ಟಿಯ ಈ ಹೆಸರನ್ನು ದಾಖಲಿಸಿ, ಹಿಂದಿ ನಿಘಂಟುಗಳಲ್ಲಿ ಅದು ಕಾಣುವುದಿಲ್ಲವೆಂದೂ ಮರಾಠಿಯಲ್ಲಿ ‘ರೀಪ್’ ಎಂಬ ರೂಪ ಇದೇ ಅರ್ಥದಲ್ಲಿದೆಯೆಂದೂ ಹೇಳುತ್ತದೆ. ಕನ್ನಡದ ಬಡಗಿಗಳ ಬಾಯಲ್ಲಿ ಅದು ರೀಪು, ರೀಪರು ಎರಡೂ ಆಗಿದೆ.

ಬರಹದಲ್ಲಿ ಜಂತೆ, ಪಕಾಸಿಗಳನ್ನು ಒಂದೇ ಎಂದು ಬಳಸುವುದುಂಟು. ಬಯಲುಸೀಮೆಯಲ್ಲಿ ಈ ಗೊಂದಲದಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿಯ ಮಾಳಿಗೆ ಮನೆಗಳಲ್ಲಿ ಓರೆಮರವೇ ಇಲ್ಲ: ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ ಅಥವಾ ಕಡ್ಡಿಯ ಹಾಸು, ಅದರ ಮೇಲೆ ಮಣ್ಣು. ಮಲೆನಾಡಿನಲ್ಲಿ ಮಾತ್ರ ಎರಡೂ ಒಂದೇ ಮನೆಯಲ್ಲಿರುತ್ತವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಅಟ್ಟದಲ್ಲಿ ನಿಂತವನ ಕಾಲಡಿ ಇರುವುದು ಜಂತೆ, ತಲೆಗೆ ತಾಗುವುದು ಪಕಾಸಿ.

ಗಾದೆಗಳಲ್ಲಿ ಜಂತೆಯದೇ ಮೇಲುಗೈ. ಕೆಲಸವಿಲ್ಲದೆಯೋ ನಿದ್ದೆಯಿಲ್ಲದೆಯೋ ಬಿದ್ದುಕೊಂಡವನು ಜಂತೆ ಎಣಿಸುತ್ತಾನೆ. ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಉಪಕಾರ ಮಾಡಿದವರಿಗೇ ಎರಡು ಬಗೆಯುವವರನ್ನು ಕುರಿತ ಮಾತು. ಇದೇ ಗಾದೆಯ ಇನ್ನೊಂದು ರೂಪದಲ್ಲಿ ಜಂತೆಯ ಜಾಗದಲ್ಲಿ ‘ಗಳ’ ಬರುತ್ತದೆ. ಗಳ ಅಥವಾ ಗಳು ಎಂದರೆ ಬಿದಿರಿನ ಉದ್ದ ಕೋಲು. ಹುಲ್ಲು ಮಾಡಿನ ಮನೆಗಳಲ್ಲಿ ಪಕಾಸಿಯ ಕೆಲಸ ಮಾಡುತ್ತಿದ್ದುದು ಇದೇ. ಪಕಾಸಿ ಎಂಬ ಮಾತು ಹೀಗೆ ಗಾದೆಗೆ ಹತ್ತಲಿಲ್ಲ. ಅದು ಕೆಲಸದವರ ಮಾತಾಗಿಯೇ ಉಳಿಯಿತು.

ಪಕಾಸಿಯ ಸೀಮೆ ಎಲ್ಲಿ ಶುರುವಾಗುತ್ತದೆ ಎಂದು ನೋಡಲು ವಸ್ತಾರೆ ತಕ್ಕ ಜಾಗ. ಚಿಕ್ಕಮಗಳೂರು ತಾಲ್ಲೂಕಿನ ಈ ಹೋಬಳಿ ಊರಿನಿಂದ ಪಡುವಣಕ್ಕೆ ಸಾಗಿದರೆ ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳು. ಮೂಡಣಕ್ಕೆ ಚಿಕ್ಕಮಗಳೂರು ದಾಟಿದರೆ ಕಡೂರಿನ ಬಯಲು. ಕಡೂರಿನ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ.; ಮೂಡಿಗೆರೆಯಲ್ಲಿ ಅದು 2000 ಮಿ.ಮೀ. ಮೀರುತ್ತದೆ, ಕಳಸದ ಕಡೆ ಇನ್ನೂ ಹೆಚ್ಚು. ಒಂದೇ ಜಿಲ್ಲೆಯೊಳಗೆ, ಒಂದು ದಿನದ ಗಾಡಿ ಪ್ರಯಾಣದ ಅಂತರದಲ್ಲಿ, ಮಣ್ಣಿನ ಮಾಳಿಗೆ ಮುಗಿದು ಹೆಂಚಿನ ಮಾಡು ಶುರುವಾಗುವುದಕ್ಕೆ ಈ ಮಳೆಯೇ ಕಾರಣ. ಮುಂಗಾರಿನಲ್ಲಿ ವಾರಗಟ್ಟಲೆ ಬಿಡದೆ ಸುರಿಯುವ ಊರಿನಲ್ಲಿ ಮಣ್ಣಿನ ಮಾಳಿಗೆ ನಿಲ್ಲುವುದಿಲ್ಲ. ನೀರು ಬಿದ್ದ ಕೂಡಲೇ ಜಾರಿಹೋಗಬೇಕಾದರೆ ಮಾಡು ಓರೆಯಾಗಬೇಕು, ಮಾಡು ಓರೆಯಾದರೆ ಪಕಾಸಿ ಬೇಕು.

ಪಕಾಸಿಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಎರಡೂ ಕಡೆಯಿಂದ ಏರಿ ಬಂದ ಮರಗಳು ನೆತ್ತಿಯ ತೊಲೆಯ ಮೇಲೆ ಎದುರುಬದುರಾಗಿ ಕೂಡುತ್ತವೆ. ಒಂದರ ತುದಿಯಲ್ಲಿ ಅರ್ಧ ದಪ್ಪ, ಇನ್ನೊಂದರಲ್ಲಿ ಅರ್ಧ ದಪ್ಪ ಕಚ್ಚು ತೆಗೆದು, ಒಂದರೊಳಗೊಂದು ಕೂರಿಸಿ, ಬೈರಿಗೆಯಲ್ಲಿ ತೂತು ಕೊರೆದು ಮರದ ಗೂಟ ಹೊಡೆಯುವುದು ಹಳೆಯ ಕ್ರಮ. ಕಬ್ಬಿಣದ ಮೊಳೆ, ಬೋಲ್ಟು ಆಮೇಲಿನವು. ಕೆಳತುದಿಗೆ ಬಂದಾಗ ಗೋಡೆಯ ತಲೆಯ ಮೇಲೆ ಮಲಗಿಸಿದ ಮರಕ್ಕೆ ಸರಿಯಾಗಿ ಪಕಾಸಿಯ ಹೊಟ್ಟೆಯಲ್ಲಿ ಸಣ್ಣ ಕಚ್ಚು ತೆಗೆಯುತ್ತಾರೆ. ಈ ಕಚ್ಚು ಆಳವಾದರೆ ಮರ ಅಲ್ಲೇ ಸೀಳುತ್ತದೆ, ಕಡಮೆಯಾದರೆ ಜಾರುತ್ತದೆ. ಬಡಗಿಯ ಕೈ ಎಂಥದು ಎಂದು ತಿಳಿಯಲು ನೋಡಬೇಕಾದ ಜಾಗ ಇದು, ಬಾಗಿಲಿನ ಕೆತ್ತನೆಯಲ್ಲ.

ಭಾರ ಬಿದ್ದಾಗ ಜೋಡಿ ಪಕಾಸಿಗಳ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ಈ ಒತ್ತಡಕ್ಕೆ ಮಣ್ಣಿನ ಗೋಡೆ ಹೊರವಾಲುತ್ತದೆ. ಅದನ್ನು ತಡೆಯುವುದು ಅಡ್ಡ ತೊಲೆ: ಎರಡು ಗೋಡೆಗಳನ್ನೂ ಅದು ಎಳೆದು ಹಿಡಿಯುತ್ತದೆ. ಅಟ್ಟವನ್ನು ಹೊರುವುದೂ ಅದೇ ತೊಲೆಯಾದ್ದರಿಂದ ಅಟ್ಟ ಬೇಡವೆಂದು ಅದನ್ನು ಕಡಿದು ತೆಗೆದ ಮನೆಗಳಲ್ಲಿ ಮೇಲಿನ ಮಾಡು ಮೆಲ್ಲಗೆ ಅಗಲಿಸುತ್ತ ಹೋಗುತ್ತದೆ. ನೆತ್ತಿಯ ತೊಲೆ ನಡುವೆ ಕಂಬದ ಆಸರೆ ಪಡೆದು ಗಟ್ಟಿಯಾಗಿದ್ದರೆ ಈ ಒತ್ತಡ ಬಹಳ ಕಡಮೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ನಡುಮನೆಯ ಮುಂಡಿಗೆಗಳು ಚೆಂದಕ್ಕೆ ಕೆತ್ತಿದ ಕಂಬಗಳೆಂದು ಕಂಡರೂ ಮಾಡಿನ ಭಾರ ನೆಲ ಮುಟ್ಟುವುದು ಅವುಗಳ ಮೂಲಕವೇ.

ಗಾತ್ರದ ಲೆಕ್ಕ ಹೀಗಿದೆ. ಮಂಗಳೂರು ಹೆಂಚು ಮತ್ತು ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ಭಾರವೆಂದು ಕಟ್ಟಡ ಲೆಕ್ಕಗಳಲ್ಲಿ ಹಿಡಿಯುತ್ತಾರೆ. ಎರಡಡಿಗೊಂದರಂತೆ ಹಾಕಿದ, 3 ಮೀಟರ್ ಉದ್ದದ ಪಕಾಸಿಯೊಂದು ಹಾಗಾದರೆ 115ರಿಂದ 120 ಕೆ.ಜಿ. ಹೊರುತ್ತದೆ, ಗಾಳಿಯ ಒತ್ತಡ, ಹೆಂಚು ಕುಡಿದ ನೀರು, ಹೆಂಚು ಸರಿಪಡಿಸಲು ಏರಿದ ಆಳಿನ ತೂಕ ಬೇರೆ. ಮರವನ್ನು ಯಾವ ಮುಖಕ್ಕೆ ಇಡುತ್ತಾರೆ ಎಂಬುದೂ ಮುಖ್ಯ. 2 ಅಂಗುಲ ದಪ್ಪ, 4 ಅಂಗುಲ ಅಗಲದ ಮರವನ್ನು ಅಗಲ ಮುಖ ಪಕ್ಕಕ್ಕೆ ಬರುವಂತೆ ನಿಲ್ಲಿಸಿ ಹಾಕಿದರೆ, ಮಲಗಿಸಿ ಹಾಕಿದಾಗ ಬಗ್ಗುವುದರ ಕಾಲುಭಾಗವಷ್ಟೇ ಬಗ್ಗುತ್ತದೆ. ಉದ್ದದ ಮಾತು ಇದಕ್ಕಿಂತ ಕಠಿಣ: ಆಸರೆಯಿಂದ ಆಸರೆಗೆ ಇರುವ ದೂರ ಎರಡರಷ್ಟಾದರೆ ಅದೇ ಮರ ಹದಿನಾರು ಪಟ್ಟು ಬಗ್ಗುತ್ತದೆ. ಉದ್ದ ಪಕಾಸಿಗಳ ನಡುವೆ ಇನ್ನೊಂದು ಅಡ್ಡ ತೊಲೆ ಕೊಡುವುದು ಇದಕ್ಕಾಗಿಯೇ. ಬೆನ್ನು ಬಗ್ಗಿದ ಹಳೆಯ ಮಾಡುಗಳಲ್ಲಿ ತಪ್ಪು ಸಾಮಾನ್ಯವಾಗಿ ಮರದ ಜಾತಿಯದಲ್ಲ, ಈ ಅಂತರದ್ದು.

ಎರಡು ಇಳಿಜಾರಿನ ನೇರ ಮಾಡಿಗಿಂತ ನಾಲ್ಕು ಕಡೆಗೂ ಇಳಿಯುವ ಮಾಡು ಕಷ್ಟದ್ದು. ಅದರ ಹೊರಮೂಲೆಗಳಲ್ಲಿ ಬರುವ ಉದ್ದ ಮರ ಮೂಲೆ ಪಕಾಸಿ. ಗೋಡೆಯಿಂದ ನೆತ್ತಿಯ ನೇರಕ್ಕೆ ಅಡ್ಡ ದೂರ 9 ಅಡಿ, ಎತ್ತರ 6 ಅಡಿ ಎಂದಿಟ್ಟುಕೊಂಡರೆ ಸಾಮಾನ್ಯ ಪಕಾಸಿಯ ಉದ್ದ ಸೂರಿನ ಚಾಚು ಬಿಟ್ಟು ಸುಮಾರು 10 ಅಡಿ 10 ಅಂಗುಲ. ಮೂಲೆಯದು 14 ಅಡಿ ದಾಟುತ್ತದೆ. ಅದರ ಓರೆಯೂ ಬೇರೆ. ಉಳಿದವು ಸುಮಾರು 34 ಡಿಗ್ರಿಯಲ್ಲಿ ಇಳಿದರೆ ಮೂಲೆಯದು 25 ಡಿಗ್ರಿಯಲ್ಲಿ ಇಳಿಯುತ್ತದೆ. ಮೂಲೆ ಪಕಾಸಿಗೆ ಬಂದು ಸೇರುವ ಮರಿ ಪಕಾಸಿಗಳು ಸೂರಿನ ಮೂಲೆಯ ಕಡೆಗೆ ಒಂದೊಂದೂ ಗಿಡ್ಡವಾಗುತ್ತ ಹೋಗುತ್ತವೆ: ಒಂದೂವರೆ ಅಡಿಗೊಂದರಂತೆ ಹಾಕಿದರೆ ಈ ಲೆಕ್ಕದಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು 1 ಅಡಿ 10 ಅಂಗುಲ ಕಡಮೆ. ಅವುಗಳ ತಲೆಯನ್ನು ಎರಡು ದಿಕ್ಕಿನಲ್ಲಿ ಓರೆ ಕೊಯ್ಯಬೇಕು. ವರ್ಗಮೂಲ ತೆಗೆಯದೆ ಈ ಉದ್ದಗಳನ್ನು ಪಡೆಯುವ ಉಪಾಯ ಸರಳ. ಅಂಗಳದ ನೆಲದ ಮೇಲೆ ಅಡ್ಡ ದೂರ, ಎತ್ತರಗಳನ್ನು ಪೂರ್ಣ ಅಳತೆಯಲ್ಲೇ ನೂಲು ಹಿಡಿದು ಗೆರೆ ಹಾಕಿದರೆ ಓರೆಯ ಗೆರೆಯೇ ಪಕಾಸಿಯ ಉದ್ದ. ಆ ಗೆರೆಯ ಮೇಲೆ ಮರವಿಟ್ಟು ಗುರುತು ಮಾಡುವುದು, ಮೊದಲ ಪಕಾಸಿ ಸರಿ ಕೂತರೆ ಅದನ್ನೇ ಅಚ್ಚಾಗಿಟ್ಟುಕೊಂಡು ಉಳಿದವನ್ನು ಕೊಯ್ಯುವುದು.

ತೊಟ್ಟಿ ಮನೆಗಳಲ್ಲಿ ಈ ಮೂಲೆ ಒಳಮುಖವಾಗುತ್ತದೆ. ನಡುವಿನ ತೆರೆದ ಅಂಗಳದ ಕಡೆಗೆ ನಾಲ್ಕು ಮಾಡು ಇಳಿದು, ಎರಡೆರಡು ಮಾಡು ಸೇರುವ ನಾಲ್ಕು ಒಳಮೂಲೆಗಳಲ್ಲಿ ಎರಡೂ ಬದಿಯ ನೀರು ಒಂದೇ ಕಡೆ ಹರಿಯುತ್ತದೆ, ಅದೂ ಕಡಮೆ ಇಳಿಜಾರಿನಲ್ಲಿ. ಮಲೆನಾಡಿನ ಮನೆಗಳಲ್ಲಿ ಮೊದಲು ಸೋರುವುದು ಇಲ್ಲಿ, ಮೊದಲು ಕೊಳೆಯುವ ಪಕಾಸಿಯೂ ಇಲ್ಲಿಯದೇ. ಅದಕ್ಕೇ ಈ ಮರವನ್ನು ಉಳಿದವಕ್ಕಿಂತ ದಪ್ಪಗೆ ಹಾಕಿ, ಅದರ ಮೇಲೆ ತಗಡಿನ ದೋಣಿ ಕೂರಿಸುತ್ತಾರೆ. ತಗಡು ಬರುವ ಮುಂಚೆ ಅಡಿಕೆ ಅಥವಾ ಬೈನೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳು ನೀರು ಸಾಗಿಸುತ್ತಿದ್ದವು.

ಮರದ ಆಯ್ಕೆಯಲ್ಲಿ ಬೆಲೆಗಿಂತ ನೇರ, ಉದ್ದ, ಬಾಳಿಕೆಗಳೇ ಮುಖ್ಯವಾಗಿದ್ದವು. ಬೀಟೆ, ತೇಗ ಬಾಗಿಲುವಾಡಕ್ಕೂ ಮುಂಡಿಗೆಗೂ ಹೋದರೆ ಪಕಾಸಿಗೆ ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು, ಹಲಸು, ಜಂಬೆ, ಬಿಲ್ವಾರಗಳು ಬರುತ್ತಿದ್ದವು. ಬೈನೆಯದು ಬೇರೆಯೇ ದಾರಿ. ಈ ತಾಳೆಜಾತಿಯ ಮರದ ಒಳಭಾಗ ಮೆತ್ತಗೆ, ಹೊರಪದರ ಕಬ್ಬಿಣದಷ್ಟು ಗಡುಸು. ಉದ್ದಕ್ಕೆ ಸೀಳಿ ತಿರುಳು ಕೆತ್ತಿ ತೆಗೆದರೆ ಗರಗಸದ ಹಂಗಿಲ್ಲದೆ ನೇರವಾದ ಪಕಾಸಿ ಸಿಗುತ್ತದೆ. ರೀಪಿಗೆ ಅಡಿಕೆ ದಬ್ಬೆಯೂ ಹೀಗೆಯೇ. ಬಿದಿರು ಮತ್ತು ಮೆತ್ತನೆಯ ಮರಗಳನ್ನು ಕೆರೆಯಲ್ಲೋ ಹೊಳೆಯ ಮಡುವಿನಲ್ಲೋ ಕೆಲವು ವಾರ ಮುಳುಗಿಸಿಡುವ ರೂಢಿಗೆ ಗಟ್ಟಿ ಕಾರಣವಿದೆ: ಮರದೊಳಗಿನ ಪಿಷ್ಟ ನೀರಿನಲ್ಲಿ ಬಿಟ್ಟುಹೋಗುತ್ತದೆ, ಕುಟ್ಟೆ ಹುಳುವಿಗೆ ಆಹಾರ ಉಳಿಯುವುದಿಲ್ಲ. ಕಡಿದ ಮೇಲೆ ಗೇರೆಣ್ಣೆ ಬಳಿಯುವುದೂ ಇದೇ ಉದ್ದೇಶಕ್ಕೆ.

ಇಷ್ಟು ಎಣ್ಣೆ, ನೀರುಗಳಿಗಿಂತ ಹೆಚ್ಚು ಕಾಲ ಪಕಾಸಿಯನ್ನು ಕಾಪಾಡಿದ್ದು ಒಲೆಯ ಹೊಗೆ. ಸೌದೆ ಒಲೆಯ ಮನೆಗಳಲ್ಲಿ ಹೊಗೆ ಅಟ್ಟದ ಮೂಲಕ ಏರಿ ಹೆಂಚಿನ ಸಂದಿನಿಂದ ಹೊರಬೀಳುತ್ತಿತ್ತು. ಪಕಾಸಿಗಳಿಗೆ ಮಸಿ ಕಟ್ಟಿ ಇಲ್ಲಣ ಜೋತಾಡುತ್ತಿದ್ದ ಅಡುಗೆಮನೆಯ ಮಾಡು ನೋಡಲು ಚೆಂದವಿರಲಿಲ್ಲ. ಆದರೆ ಹೊಗೆ ಕುಡಿದು ಒಣಗಿದ ಮರಕ್ಕೆ ಗೆದ್ದಲು, ಕುಟ್ಟೆ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಅಡುಗೆಮನೆ ಬೆಳ್ಳಗಾಯಿತು, ಪಕಾಸಿಯನ್ನು ಕಾಯುವ ಕೆಲಸ ರಾಸಾಯನಿಕಗಳಿಗೆ ಬಂತು.

ಮಾಡಿನ ಹೊದಿಕೆ ಬದಲಾದಂತೆ ಪಕಾಸಿಯೂ ಬದಲಾಯಿತು. ಅಡಿಕೆ ಸೋಗೆ ಅಥವಾ ಹುಲ್ಲಿನ ಮಾಡು ಹಗುರ; ಬಿದಿರಿನ ಗಳುಗಳನ್ನು ಹಗ್ಗದಲ್ಲೋ ಕಾಡುಬಳ್ಳಿಯಲ್ಲೋ ಬಿಗಿದರೆ ಸಾಕಿತ್ತು, ಒಂದೆರಡು ಗಳು ಸೊಟ್ಟಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕುಂಬಾರರು ಮಾಡುತ್ತಿದ್ದ ಅರೆಗೊಳವೆಯ ನಾಡಹೆಂಚು ಇದಕ್ಕಿಂತ ಬಹಳ ಭಾರ. ಒಂದರ ಮೇಲೊಂದು ಕವುಚಿ ಹಾಸಬೇಕಾದ್ದರಿಂದ ಪಕಾಸಿಗಳು ಒತ್ತೊತ್ತಾಗಿಯೂ ದಪ್ಪವಾಗಿಯೂ ಇರಬೇಕು. ಆದರೂ ನಾಡಹೆಂಚು ಮರದ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಸಹಿಸುತ್ತಿತ್ತು. ಮಂಗಳೂರು ಹೆಂಚು ಸಹಿಸುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಚಪ್ಪಟೆ ಹೆಂಚು ಕರಾವಳಿಯುದ್ದಕ್ಕೂ, ಘಟ್ಟದ ಮೇಲಕ್ಕೂ ಹರಡಿತು. ಈ ಹೆಂಚಿನ ಹಿಂಬದಿಯ ಮೂಗು ರೀಪಿಗೆ ಸಿಕ್ಕಿಕೊಳ್ಳಬೇಕು, ಅಂಚಿನ ಕಾಲುವೆ ಪಕ್ಕದ ಹೆಂಚಿನ ಅಂಚಿಗೆ ಕೂರಬೇಕು. ಹಾಗಾಗಿ ರೀಪುಗಳ ಅಂತರ ಸುಮಾರು 12ರಿಂದ 13 ಅಂಗುಲಕ್ಕೆ ನಿಗದಿಯಾಯಿತು, ಪಕಾಸಿಗಳ ಮೇಲ್ಮೈಗಳೆಲ್ಲ ಒಂದೇ ಮಟ್ಟಕ್ಕೆ ಬರಬೇಕಾಯಿತು. ಒಂದು ಪಕಾಸಿ ಅರ್ಧ ಅಂಗುಲ ಎದ್ದರೂ ಆ ಸಾಲಿನ ಹೆಂಚು ಬಾಯಿ ಬಿಡುತ್ತದೆ. ಬಾಚಿಯಲ್ಲಿ ಕೆತ್ತಿದ ಮರ ಹಿಂದೆ ಸರಿದು, ಗರಗಸದಲ್ಲಿ ಕೊಯ್ದು ನಾಲ್ಕು ಮೂಲೆ ತಿದ್ದಿದ ಪಕಾಸಿ ರೂಢಿಯಾಗಲು ಕಾರ್ಖಾನೆಯ ಹೆಂಚೇ ಮುಖ್ಯ ಕಾರಣವೆನ್ನಬೇಕು.

ಕಾಫಿ ತೋಟಗಳು ಈ ಮಾಡನ್ನು ದೊಡ್ಡ ಅಳತೆಗೆ ಒಯ್ದವು. ಬಂಗಲೆ, ಗೋದಾಮು, ಪಲ್ಪರ್ ಮನೆ, ಆಳುಗಳ ಲೈನ್ ಮನೆ ಎಲ್ಲಕ್ಕೂ ಇಳಿಮಾಡೇ. ನಡುವೆ ಕಂಬವಿಲ್ಲದ ಅಗಲ ಜಾಗ ಬೇಕಾದ ಗೋದಾಮುಗಳಲ್ಲಿ ಜೋಡಿ ಪಕಾಸಿಯ ಬದಲು ತ್ರಿಕೋನಾಕಾರದ ಟ್ರಸ್‌ಗಳು ಬಂದವು. ಅಲ್ಲಿ ಭಾರ ಹೊರುವುದು ಟ್ರಸ್. ಅದರ ಮೇಲೆ ಉದ್ದುದ್ದ ಮಲಗಿದ ಅಡ್ಡಮರ. ಪಕಾಸಿ ಅದರ ಮೇಲೆ ಕೂತ ಸಣ್ಣ ಮರ ಮಾತ್ರ. ಹೆಸರು ಅದೇ, ಹೊಣೆ ಕಡಮೆ.

ಮರದ ಮಾಡಿನ ನೆನಪು ಕಲ್ಲಿನಲ್ಲೂ ಇದೆ. ಐಹೊಳೆಯ ಲಾಡ್‌ಖಾನ್ ಗುಡಿಯ ಇಳಿಜಾರು ಛಾವಣಿಯ ಚಪ್ಪಡಿಗಳ ಸಂದುಗಳನ್ನು ಮರದ ದಿಮ್ಮಿಯಂತೆ ಕಾಣುವ ಉದ್ದ ಕಲ್ಲುಗಳು ಮುಚ್ಚುತ್ತವೆ. ಹಂಪಿಯ ವಿಠ್ಠಲ ದೇವಾಲಯದ ಮಂಟಪದ ಸೂರಿನ ಅಡಿಯಲ್ಲಿ ನಿಂತು ತಲೆಯೆತ್ತಿದರೆ ಕಲ್ಲಿನಲ್ಲೇ ಕೊರೆದ ಪಕಾಸಿ, ಅಡ್ಡಪಟ್ಟಿಗಳು ಸಾಲಾಗಿ ಕಾಣುತ್ತವೆ. ಭಾರದ ದೃಷ್ಟಿಯಿಂದ ಅಲ್ಲಿ ಅವುಗಳಿಗೆ ಏನೂ ಕೆಲಸವಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430) ಮಳೆನಾಡಿನ ಇಳಿಮಾಡನ್ನು ಕೆಳಗೆ ಕಲ್ಲಿನಲ್ಲೂ ಮೇಲಂತಸ್ತಿನಲ್ಲಿ ಮರದಲ್ಲೂ ಕಟ್ಟಿದ ಮಾದರಿ.

ಪಕಾಸಿಯ ಆಯಸ್ಸು ಮರಕ್ಕಿಂತ ಹೆಚ್ಚಾಗಿ ಹೆಂಚಿನ ಆರೈಕೆಗೆ ಕಟ್ಟುಬಿದ್ದಿದೆ. ಮಂಗಗಳ ಓಡಾಟ, ಬಿದ್ದ ಕೊಂಬೆ, ಸಂದುಗಳಲ್ಲಿ ಕೊಳೆಯುವ ತರಗೆಲೆ ಇವುಗಳಿಂದ ಹೆಂಚು ಕದಲುತ್ತದೆ, ಸೋರುವ ನೀರು ಮೊದಲು ರೀಪಿಗೆ, ಆಮೇಲೆ ಪಕಾಸಿಗೆ ಇಳಿಯುತ್ತದೆ. ಮುಂಗಾರಿಗೆ ಮುನ್ನ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು ಇದಕ್ಕಾಗಿ. ಗೋಡೆಯಿಂದಾಚೆ ಎರಡು ಮೂರು ಅಡಿ ಚಾಚಿದ ತುದಿಗೆ ಎರಚಲು ಬಡಿಯುವುದರಿಂದ ಅದು ಬೇಗ ಹಾಳಾಗುತ್ತದೆ. ತುದಿಗಳಿಗೆ ಅಡ್ಡಲಾಗಿ ಹೊಡೆಯುವ ಸೂರಿನ ಹಲಗೆ ಅಲಂಕಾರದ ಜೊತೆಗೆ ಈ ಕೊಯ್ದ ಮುಖಗಳನ್ನು ಮುಚ್ಚುತ್ತದೆ. ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಪಕ್ಕದಲ್ಲಿ ಹೊಸ ಮರದ ತುಂಡು ಜೋಡಿಸಿ ಬಿಗಿದರೆ ಇಡೀ ಪಕಾಸಿ ತೆಗೆಯಬೇಕಾಗಿಲ್ಲ.

ಮರ ಸಿಗುವುದು ಕಷ್ಟವಾದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಬದಲಾವಣೆ. 1963ರ ಅರಣ್ಯ ಕಾಯ್ದೆ, 1976ರ ಮರಗಳ ಸಂರಕ್ಷಣೆ ಕಾಯ್ದೆಗಳ ಅಡಿಯಲ್ಲಿ ಸ್ವಂತ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ಅನುಮತಿ ಬೇಕು. ಸಿಲ್ವರ್ ಓಕ್‌ಗೆ 1976ರ ಕಾಯ್ದೆ ವಿನಾಯಿತಿ ಕೊಟ್ಟಿದೆ. ಆಸ್ಟ್ರೇಲಿಯಾ ಮೂಲದ ಈ ಮರ ನೆರಳಿಗೂ ಮೆಣಸಿನ ಬಳ್ಳಿಗೂ ತೋಟದ ತುಂಬ ನಿಂತಿದ್ದರಿಂದ ಕಡಮೆ ಖರ್ಚಿನ ಮಾಡುಗಳಿಗೆ ಅದೇ ಪಕಾಸಿಯಾಯಿತು. ನೇರವಾಗಿ ಬೆಳೆಯುವುದು ಅದರ ಗುಣ, ಹುಳು ಬೇಗ ಹಿಡಿಯುವುದು ದೋಷ. 3×4 ಅಂಗುಲದ, 11 ಅಡಿ ಉದ್ದದ ಪಕಾಸಿಯೊಂದಕ್ಕೆ ಮುಕ್ಕಾಲು ಘನ ಅಡಿಗೂ ಹೆಚ್ಚು ಮರ ಬೇಕು. 40 ಅಡಿ ಉದ್ದದ ಮನೆಗೆ ಎರಡಡಿಗೊಂದು ಜೋಡಿಯಂತೆ 42 ಪಕಾಸಿ, ಅಂದರೆ 38 ಘನ ಅಡಿ ದಾಟುತ್ತದೆ, ರೀಪು ತೊಲೆಗಳ ಲೆಕ್ಕ ಬೇರೆ. ಈ ಖರ್ಚಿನ ಮುಂದೆ ಕಬ್ಬಿಣದ ಪೈಪು, ಸಿಮೆಂಟ್ ಶೀಟು, ಕಾಂಕ್ರೀಟ್ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಓರೆ ಕಾಂಕ್ರೀಟಿನ ಮೇಲೆ ಹೆಂಚು ಅಂಟಿಸಿದ ಹೋಂಸ್ಟೇಗಳಲ್ಲಿ ಹೊರಗಿನ ರೂಪವಷ್ಟೇ ಉಳಿದಿದೆ, ಪಕಾಸಿಯಿಲ್ಲ. ಹೆಂಚನ್ನು ನಿಜವಾಗಿ ಹೊರುವ ಓರೆ ಕಬ್ಬಿಣದ ಪೈಪನ್ನು ಪಕಾಸಿ ಎಂದು ಕರೆದರೆ ತಪ್ಪಿಲ್ಲ. ಆ ಹೆಸರು ಕೆಲಸಕ್ಕೆ ಸಲ್ಲುತ್ತದೆ, ಮರಕ್ಕಲ್ಲ.

ಬಿಚ್ಚಿದ ಮನೆಗಳ ನಾಟ ಮತ್ತೆ ಮಾರಾಟವಾಗುತ್ತದೆ. ತೊಲೆ, ಮುಂಡಿಗೆ, ಬಾಗಿಲುವಾಡಗಳಿಗೆ ಇರುವ ಬೇಡಿಕೆ ಪಕಾಸಿಗಿಲ್ಲ; ಮೊಳೆ ತೂತು ಬಿದ್ದ, ಕಚ್ಚು ತೆಗೆದ ಮರವಾದ್ದರಿಂದ ಅದು ಹೆಚ್ಚಾಗಿ ಕೊಟ್ಟಿಗೆಗೋ ಸೌದೆಗೋ ಹೋಗುತ್ತದೆ. ಇಡೀ ಮಾಡು ಹಾಗೇ ಉಳಿದದ್ದು ಮನೆಯನ್ನೇ ಬಿಚ್ಚಿ ಬೇರೆಡೆ ಮತ್ತೆ ಕಟ್ಟಿದ ಕೆಲವು ಕಡೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ರೂಪಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಕುಂಜೂರು ಚೌಕಿ ಮನೆ, ಹರ್ಕೂರು ಒಳಗಿನ ಮನೆಗಳು ಹೀಗೆ ನಿಂತಿವೆ. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದ ಕರ್ನಾಟಕ ವಿಭಾಗದಲ್ಲಿ ಚಿಕ್ಕಮಗಳೂರಿನ ಮನೆಯೊಂದನ್ನು ನೋಡಬಹುದು.